ಮಾತಿಗೂ ಒಂದು ಅಳತೆ

ಬೆಟ್ಟಂಪಾಡಿಯ ಕಡೆ ಮಳೆಗೆ ಬಡತನವಿಲ್ಲ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಗುಡ್ಡ, ತೋಟ, ರಸ್ತೆ ಎಲ್ಲವೂ ನೀರೇ. ಆದರೆ ಮಳೆ ಬೀಳುವುದಕ್ಕೆ ಮೊದಲೇ, ಸುಡುವ ಏಪ್ರಿಲ್ ತಿಂಗಳಲ್ಲಿ, ಮನೆಯ ಗೋಡೆ ಒದ್ದೆಯಾಗಿದ್ದರೆ ಆ ತಪ್ಪನ್ನು ಆಕಾಶದ ಮೇಲೆ ಹೊರಿಸುವಂತಿಲ್ಲ. ಪುತ್ತೂರಿನಿಂದ ಪಾಣಾಜೆಗೆ ಹೋಗುವ ರಸ್ತೆಯಿಂದ ತುಸು ಒಳಗಿರುವ ಒಬ್ಬ ಅಡಿಕೆ ಕೃಷಿಕರ ಮನೆಯಲ್ಲಿ ಹೀಗೇ ಆಗಿತ್ತು. ಬಚ್ಚಲುಕೋಣೆಯ ಆಚೆ ಬದಿಯ ಗೋಡೆಯಲ್ಲಿ ತಟ್ಟೆಯಗಲದ ಒಂದು ಕಲೆ. ಮೊದಲ ವರ್ಷ ತಟ್ಟೆಯಷ್ಟಿದ್ದದ್ದು ಎರಡನೆಯ ವರ್ಷ ಗೆರಸಿಯಷ್ಟಾಯಿತು. ಮೂರನೆಯ ವರ್ಷ ಸುಣ್ಣ ಉದುರಿ ಒಳಗಿನ ಮುರಕಲ್ಲು ಕಾಣತೊಡಗಿತು.

ಆ ಕಲೆಗೆ ಒಂದು ಕಥೆಯಿತ್ತು. ಮೂರು ವರ್ಷಗಳ ಹಿಂದೆ ಬಚ್ಚಲುಕೋಣೆಯನ್ನು ಹೊಸದಾಗಿ ಕಟ್ಟಿಸಿ, ಮಾಡಿನ ಮೇಲೆ ಸೋಲಾರ್ ಹಂಡೆ ಕೂರಿಸಿದಾಗ, ಪೈಪಿನ ಕೆಲಸಕ್ಕೆ ಬಂದವರು ಅದೇ ಊರಿನ ಪರಿಚಯದ ಪ್ಲಂಬರ್. ತೋಟದ ಪಂಪಿಗೆ, ಸ್ಪ್ರಿಂಕ್ಲರಿಗೆ ವರ್ಷಗಟ್ಟಲೆ ಕೆಲಸ ಮಾಡಿಕೊಟ್ಟವರು. ಕೆಲಸ ಹಿಡಿಯುವ ದಿನ ಜಗಲಿಯಲ್ಲಿ ಕುಳಿತು ಒಂದು ಲೋಟ ಚಹಾ ಕುಡಿದರು. ‘ಎಷ್ಟಾದೀತು?’ ಎಂದು ಕೃಷಿಕರು ಕೇಳಿದರು. ‘ನಮ್ಮೊಳಗೆ ಎಂತ ಲೆಕ್ಕ? ಕೆಲಸ ನೋಡಿ ಕೊಡಿ’ ಎಂದರು ಪ್ಲಂಬರ್. ‘ಆಯ್ತು ಮಾರಾಯ್ರೆ’ ಎಂದರು ಕೃಷಿಕರು. ಒಪ್ಪಂದ ಅಲ್ಲಿಗೆ ಮುಗಿಯಿತು. ಮರುದಿನ ಪ್ಲಂಬರ್ ಫೋನಿನಲ್ಲಿ ಹೇಳಿದಂತೆ ಕೃಷಿಕರು ಪೇಟೆಗೆ ಹೋಗಿ ಮುಕ್ಕಾಲು ಇಂಚಿನ ಪೈಪು, ಬೆಂಡು, ಟೀ, ಗಮ್ಮು ಎಲ್ಲ ತಂದರು. ಗೋಡೆ ಕೊರೆದರು, ಪೈಪು ಹುಗಿದರು, ಸಿಮೆಂಟು ಮೆತ್ತಿದರು, ಟೈಲ್ಸ್ ಅಂಟಿಸಿದರು. ನಳ್ಳಿ ತಿರುಗಿಸಿದರೆ ಬಿಸಿನೀರು ಬಂತು. ಎಲ್ಲರಿಗೂ ಖುಷಿ.

ನಾಲ್ಕು ತಿಂಗಳಲ್ಲಿ ಗೋಡೆ ಬೆವರಿತು. ‘ನಿಮ್ಮ ಕೆಲಸ ಸರಿಯಿಲ್ಲ’ ಎಂದರು ಕೃಷಿಕರು. ‘ನೀವು ತಂದ ಸಾಮಾನು ಸರಿಯಿಲ್ಲ’ ಎಂದರು ಪ್ಲಂಬರ್. ಟೈಲ್ಸ್ ಒಡೆದು ನೋಡಬೇಕು; ಒಡೆದ ಟೈಲ್ಸಿಗೆ ದುಡ್ಡು ಯಾರು ಕೊಡುವುದು? ಅದನ್ನು ಯಾರೂ ಮೊದಲು ಮಾತಾಡಿರಲಿಲ್ಲ. ಕೊಡಲು ಬಾಕಿಯಿದ್ದ ಮೂರು ಸಾವಿರ ರೂಪಾಯಿಯನ್ನು ಕೃಷಿಕರು ತಡೆಹಿಡಿದರು. ಪ್ಲಂಬರ್ ಆ ಮನೆಯ ದಾರಿ ತುಳಿಯುವುದನ್ನು ಬಿಟ್ಟರು. ದೇವಸ್ಥಾನದ ಜಾತ್ರೆಯಲ್ಲಿ ಎದುರುಬದುರಾದರೂ ಇಬ್ಬರೂ ಬೇರೆಲ್ಲೋ ನೋಡಿದರು. ಇದಿಷ್ಟೇ ಆಗಿದ್ದರೆ ಇಬ್ಬರು ಹಿರಿಯರ ಜಗಳ ಎಂದು ಬಿಡಬಹುದಿತ್ತು. ಆದರೆ ಕೃಷಿಕರ ಮಗಳು, ಪ್ಲಂಬರರ ಮಗ ಒಂದೇ ತರಗತಿಯವರು, ಒಂದೇ ಬಸ್ಸಿನವರು. ಒಂಬತ್ತನೆಯ ತರಗತಿಯವರೆಗೆ ನೋಟ್ಸು ಹಂಚಿಕೊಂಡು ಓದುತ್ತಿದ್ದ ಮಕ್ಕಳು ಅಪ್ಪಂದಿರ ಸಲುವಾಗಿ ಮಾತು ಬಿಟ್ಟರು. ಗೋಡೆಯೊಳಗೆ ಸೋರಿದ್ದು ನೀರು ಮಾತ್ರವಲ್ಲ.

ಈ ಸೀಮೆಯವರಿಗೆ ನೀರಿನ ಕೆಲಸವಾಗಲಿ, ನೀರಿನ ಒಪ್ಪಂದವಾಗಲಿ ಹೊಸತಲ್ಲ ಎಂಬುದನ್ನು ನೆನೆದರೆ ಈ ಜಗಳ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಪ್ಲಾಸ್ಟಿಕ್ ಪೈಪು ಬರುವುದಕ್ಕೆ ಮೊದಲು ಇಲ್ಲಿ ಅಡಿಕೆ ಮರದ ದಂಬೆಯೇ ಪೈಪು. ಮರವನ್ನು ಸೀಳಿ, ಒಳಗಿನ ತಿರುಳು ತೆಗೆದು, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ಗುಡ್ಡದ ನೀರನ್ನು ಅಂಗಳಕ್ಕೆ ಇಳಿಸುತ್ತಿದ್ದರು. ಪುತ್ತೂರು, ಬಂಟ್ವಾಳದ ಗಡಿಭಾಗ ಮತ್ತು ಪಕ್ಕದ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ಪಡೆಯುವ ಪದ್ಧತಿ ಹಿಂದಿನಿಂದಲೂ ಇದೆ. ಮುರಕಲ್ಲಿನ ಗುಡ್ಡದೊಳಕ್ಕೆ ಒಬ್ಬ ಮನುಷ್ಯ ಹೋಗುವಷ್ಟು ಅಗಲದಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಜಿನುಗು ಸಿಕ್ಕಿದರೆ ನೀರು ತಾನಾಗಿಯೇ ಇಳಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ತಮ್ಮ ಬೋಳುಗುಡ್ಡದಲ್ಲಿ ಸುರಂಗ ಕೊರೆದವರು. ಒಂದಲ್ಲ, ಐದು ಸುರಂಗಗಳು ಕೈಕೊಟ್ಟ ಮೇಲೆ ಆರನೆಯದರಲ್ಲಿ ಅವರಿಗೆ ನೀರು ಸಿಕ್ಕಿತು. ಆ ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾಯ್ಕರು ಕೊರೆದದ್ದು ಸ್ವಂತ ಜಾಗದಲ್ಲಿ. ಆದ್ದರಿಂದ ಸೋತದ್ದೂ ಅವರದೇ, ಗೆದ್ದದ್ದೂ ಅವರದೇ. ಆದರೆ ಬೇರೆಯವರ ಜಾಗದಲ್ಲಿ ಬಾವಿಯನ್ನೋ ಸುರಂಗವನ್ನೋ ತೋಡುವಾಗ ಲೆಕ್ಕ ಬೇರೆ. ಅಲ್ಲಿ ‘ಕೋಲು’ ಎಂಬ ಅಳತೆ ನಡುವೆ ಬರುತ್ತದೆ. ಒಂದು ಕೋಲೆಂದರೆ ಎರಡೂವರೆ ಅಡಿಗೆ ಹತ್ತಿರ. ಕೋಲಿಗೆ ಇಷ್ಟು ಎಂದು ಮೊದಲೇ ನಿಗದಿಯಾಗುತ್ತದೆ. ಬೋರ್‌ವೆಲ್ ಬಂದ ಮೇಲೆ ಕೋಲು ಹೋಗಿ ಅಡಿ ಬಂತು. ಕೊಳವೆ ಒಣಗಿದ್ದರೂ ಕೊರೆದ ಅಡಿಗೆ ದುಡ್ಡು ಕೊಡಲೇಬೇಕು. ಎಂದರೆ ಅಲ್ಲಿ ದುಡ್ಡು ಕೆಲಸಕ್ಕೆ, ನೀರಿಗಲ್ಲ. ನೆಲದೊಳಗಿನ ನೀರಿನ ಜವಾಬ್ದಾರಿಯನ್ನು ಕೊರೆಯುವವನು ಹೊರಲಾರ ಎಂಬುದು ಇಬ್ಬರಿಗೂ ಗೊತ್ತು. ಪ್ಲಂಬರನ ಕೆಲಸ ಹಾಗಲ್ಲ. ಅಲ್ಲಿ ದುಡ್ಡು ಫಲಕ್ಕೆ: ನೀರು ಬರಬೇಕಾದಲ್ಲಿ ಬರಬೇಕು, ಬರಬಾರದಲ್ಲಿ ಬರಬಾರದು. ಯಾವುದಕ್ಕೆ ದುಡ್ಡು ಎಂಬ ಈ ಒಂದು ಪ್ರಶ್ನೆಯನ್ನು ಅಜ್ಜಂದಿರು ಕೋಲು ಹಿಡಿದು ಇತ್ಯರ್ಥ ಮಾಡಿಕೊಂಡಿದ್ದರು. ಮೊಮ್ಮಕ್ಕಳು ಚಹಾ ಕುಡಿದು ಮರೆತರು.

ಮೂರನೆಯ ವರ್ಷ ಕೃಷಿಕರು ಬೇರೊಬ್ಬ ಪ್ಲಂಬರನ್ನು ಕರೆಸಿದರು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಬಂದವರು ಜಗಲಿಯಲ್ಲಿ ಕೂರುವ ಮೊದಲೇ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಚಹಾ ಬಂತು. ‘ಎಷ್ಟಾದೀತು?’ ಎಂಬ ಹಳೆಯ ಪ್ರಶ್ನೆಯೂ ಬಂತು. ಆಗ ಒಳಗಿನಿಂದ ಮಗಳು ಒಂದು ನೋಟ್ ಪುಸ್ತಕ ಹಿಡಿದು ಬಂದಳು. ಅವಳಿಗೆ ಹದಿನೇಳು ವರ್ಷ, ಪ್ರಥಮ ಪಿಯುಸಿ ವಿಜ್ಞಾನ ಮುಗಿಸಿದ್ದಳು.

‘ಅಪ್ಪ, ಈ ಸಲ ಬರೆದುಕೊಳ್ಳುವ’ ಎಂದಳು.

ಕೃಷಿಕರಿಗೆ ಮುಜುಗರವಾಯಿತು. ಬಂದವರ ಎದುರೇ ಹೇಳಬೇಕೇ? ‘ಬರೆಯುವುದೆಂತದು ಮಾರಾಯ್ತಿ? ಬರೆದರೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ವಾ?’

‘ಲ್ಯಾಬಿನಲ್ಲಿ ನಾವು ರೆಕಾರ್ಡ್ ಬರೆಯುವುದು ನಮ್ಮ ಮೇಲೆ ನಂಬಿಕೆ ಇಲ್ಲದೆಯಾ? ಒಂದು ವಾರ ಕಳೆದರೆ ಮರೆತುಹೋಗುತ್ತದೆ ಅಂತ ತಾನೆ?’

ಹುಡುಗಿಯ ಮಾತಿನಲ್ಲಿ ಹುರುಳಿತ್ತು. ಮನುಷ್ಯ ಸುಳ್ಳು ಹೇಳುತ್ತಾನೆ ಎಂಬುದಕ್ಕಿಂತ ಮನುಷ್ಯ ಮರೆಯುತ್ತಾನೆ ಎಂಬುದು ಹೆಚ್ಚು ನಿಜ. ಮರೆಯುವಾಗಲೂ ತನಗೆ ಅನುಕೂಲವಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಮರೆಯುತ್ತಾನೆ. ನಮ್ಮ ದೇಶದಲ್ಲಿ ಒಪ್ಪಂದಗಳಿಗೆ ಆಧಾರವಾಗಿರುವ ಕಾಯಿದೆ 1872ರದ್ದು. ಅದರ ಪ್ರಕಾರ ಇಂಥ ಕೆಲಸಕ್ಕೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಛಾಪಾಕಾಗದವೇ ಬೇಕೆಂದಿಲ್ಲ. ಇಬ್ಬರ ಮನಃಪೂರ್ವಕ ಒಪ್ಪಿಗೆ ಇರಬೇಕು, ಕೆಲಸಕ್ಕೆ ಪ್ರತಿಫಲ ಇರಬೇಕು, ಕೆಲಸ ಕಾನೂನಿಗೆ ವಿರುದ್ಧವಾಗಿರಬಾರದು, ಇಬ್ಬರೂ ಪ್ರಾಯಕ್ಕೆ ಬಂದವರಾಗಿರಬೇಕು. ಆದ್ದರಿಂದ ಹದಿನೇಳರ ಮಗಳು ಹಾಳೆಯನ್ನು ಬರೆಯಬಹುದು, ಆದರೆ ಸಹಿ ಅಪ್ಪನದೇ ಆಗಬೇಕು. ಅದೇ ಕಾಯಿದೆಯ 29ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಅರ್ಥ ಖಚಿತವಾಗಿಲ್ಲದ, ಖಚಿತಪಡಿಸಿಕೊಳ್ಳಲೂ ಆಗದ ಒಪ್ಪಂದ ಒಪ್ಪಂದವೇ ಅಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಯನ್ನು ಶಾಲೆಯ ಮಕ್ಕಳೂ ಅರ್ಥಮಾಡಿಕೊಳ್ಳಬಹುದು. ಒಬ್ಬ ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರುತ್ತೇನೆ ಎಂದು ಒಪ್ಪಿಕೊಂಡ. ಯಾವ ಎಣ್ಣೆ? ತೆಂಗಿನದೋ, ಎಳ್ಳಿನದೋ, ಸೀಮೆಎಣ್ಣೆಯೋ? ಅದು ಗೊತ್ತಾಗುವ ದಾರಿಯೇ ಇಲ್ಲದಿದ್ದರೆ ಆ ಒಪ್ಪಂದ ಊರ್ಜಿತವಲ್ಲ.

ಮಗಳು ಬರೆದ ಹಾಳೆಯಲ್ಲಿ ಕಾನೂನಿನ ಭಾಷೆ ಇರಲಿಲ್ಲ. ವಿಜ್ಞಾನದ ರೆಕಾರ್ಡಿನ ಕ್ರಮವಿತ್ತು. ಮೊದಲು ಮನೆಯ ನಕ್ಷೆ: ಟ್ಯಾಂಕ್ ಎಲ್ಲಿ, ಸೋಲಾರ್ ಎಲ್ಲಿ, ನಳ್ಳಿ ಎಲ್ಲಿ. ನಕ್ಷೆಯಲ್ಲಿ ಬಿಸಿನೀರಿನ ಪೈಪಿಗೆ ಕೆಂಪು ಗೆರೆ, ತಣ್ಣೀರಿಗೆ ನೀಲಿ. ಅದರ ಕೆಳಗೆ ಕೆಲಸದ ವಿವರ: ಎಷ್ಟು ನಳ್ಳಿ, ಒಂದು ಶವರ್, ಒಂದು ವಾಶ್ ಬೇಸಿನ್, ಎಲ್ಲೆಲ್ಲಿ ವಾಲ್ವು. ಯಾವುದು ಈ ಕೆಲಸಕ್ಕೆ ಸೇರಿದ್ದಲ್ಲ ಎಂಬುದನ್ನೂ ಬರೆದಳು. ಕರೆಂಟಿನ ಕೆಲಸ ಸೇರಿಲ್ಲ, ಟೈಲ್ಸ್ ಅಂಟಿಸುವುದು ಸೇರಿಲ್ಲ. ‘ಇಲ್ಲ’ ಎಂಬುದನ್ನು ಬರೆಯುವುದು ‘ಉಂಟು’ ಎಂಬುದನ್ನು ಬರೆಯುವಷ್ಟೇ ಮುಖ್ಯ.

ಆಮೇಲೆ ಸಾಮಾನು. ಇಲ್ಲಿ ಹೊಸ ಪ್ಲಂಬರ್ ಬಾಯಿಬಿಟ್ಟರು. ‘ಬರೇ ಪೈಪು ಅಂತ ಬರೆಯಬೇಡಿ ಮಗಳೇ. ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಅಂತ ಬರೆಯಿರಿ. ಎರಡರ ಗಮ್ಮು ಸಹ ಬೇರೆ.’ ಅವರು ಹೇಳಿದ್ದರ ಹಿಂದೆ ರಸಾಯನಶಾಸ್ತ್ರವಿದೆ. ಪಿವಿಸಿ ಎಂಬ ಪ್ಲಾಸ್ಟಿಕ್ ಬಿಸಿಯಾದಂತೆ ಮೆತ್ತಗಾಗುತ್ತದೆ, ಒತ್ತಡ ತಡೆಯುವ ಶಕ್ತಿ ಕುಂದುತ್ತದೆ. ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗೆ ಅದು ಹೇಳಿದ್ದಲ್ಲ. ಒಳ್ಳೆಯ ಬಿಸಿಲಿನ ದಿನ ಸೋಲಾರ್ ನೀರು 60 ಡಿಗ್ರಿ ದಾಟುವುದುಂಟು. ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ ತಯಾರಿಸಿದ್ದು ಸಿಪಿವಿಸಿ. ಅದು ಸ್ನಾನದ ಬಿಸಿನೀರನ್ನು ಧಾರಾಳವಾಗಿ ತಡೆಯುತ್ತದೆ. ಅಂಗಡಿಯಲ್ಲಿ ಮೇಲ್ನೋಟಕ್ಕೆ ಎರಡೂ ಪೈಪುಗಳೇ. ಗುರುತು ಪೈಪಿನ ಮೈಮೇಲೆ ಅಚ್ಚಾಗಿರುತ್ತದೆ, ಐಎಸ್ಐ ಮುದ್ರೆಯ ಜೊತೆಗೆ.

ಮೂರನೆಯದು ದುಡ್ಡು. ದಿನಗೂಲಿಯೋ, ನಳ್ಳಿಗೆ ಇಷ್ಟು ಎಂಬ ಪಾಯಿಂಟ್ ಲೆಕ್ಕವೋ, ಒಟ್ಟು ಗುತ್ತಿಗೆಯೋ? ದಿನಗೂಲಿಯಾದರೆ ಕೆಲಸ ಎಳೆಯಬಹುದೆಂಬ ಅಂಜಿಕೆ ಮನೆಯವರಿಗೆ. ಒಟ್ಟು ಗುತ್ತಿಗೆಯಾದರೆ ಕೆಲಸ ಬೆಳೆಯಬಹುದೆಂಬ ಅಂಜಿಕೆ ಕೆಲಸದವರಿಗೆ. ಕೊನೆಗೆ ಒಟ್ಟು ಮೊತ್ತವೆಂದೇ ತೀರ್ಮಾನವಾಯಿತು. ಮೂರು ಕಂತು: ಒಂದು ಪಾಲು ಶುರುವಿನಲ್ಲಿ, ಒಂದು ಪಾಲು ಪರೀಕ್ಷೆ ಆದ ಮೇಲೆ, ಒಂದು ಪಾಲು ಎಲ್ಲ ಮುಗಿದು ಹದಿನೈದು ದಿನಕ್ಕೆ. ಪ್ರತಿ ಕಂತಿಗೂ ಚೀಟಿ, ಇಲ್ಲವೇ ಮೊಬೈಲಿನಲ್ಲಿ ದಾಖಲೆ ಉಳಿಯುವಂತೆ ಪಾವತಿ.

ನಾಲ್ಕನೆಯದೇ ಪರೀಕ್ಷೆ. ಟ್ಯಾಂಕಿನ ನೀರು ನಳ್ಳಿಗಿಂತ ಹತ್ತು ಮೀಟರ್ ಮೇಲಿದ್ದರೆ ಪೈಪಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಈ ಮನೆಯಲ್ಲಿ ಎತ್ತರ ಆರು ಮೀಟರ್. ಆದ್ದರಿಂದ ಒತ್ತಡ ಅರ್ಧ ಕಿಲೋಗಿಂತ ಚೂರು ಹೆಚ್ಚು. ಆದರೆ ನಾಳೆ ಪಂಪು ಹಾಕಿದರೆ? ನಳ್ಳಿಯನ್ನು ಫಕ್ಕನೆ ಮುಚ್ಚಿದಾಗ ನೀರು ಒಳಗೆ ಬಡಿದರೆ? ಅದಕ್ಕಾಗಿ ಕೈಪಂಪು ಕಟ್ಟಿ ಮೀಟರಿನ ಮುಳ್ಳು 6 ಕಿಲೋ ತೋರಿಸುವಷ್ಟು ನೀರು ಒತ್ತಿ, ಎಲ್ಲ ಬಾಯಿ ಮುಚ್ಚಿ, ಎರಡು ಗಂಟೆ ನೋಡಬೇಕು. ಮುಳ್ಳು ಇಳಿಯಬಾರದು. ಗಮ್ಮು ಹಚ್ಚಿ ಒಂದು ದಿನ ಕಳೆದ ಮೇಲೆಯೇ ಈ ಪರೀಕ್ಷೆ. ಪರೀಕ್ಷೆ ಆಗದೆ ಗೋಡೆಗೆ ಸಿಮೆಂಟು ಮುಟ್ಟಿಸುವಂತಿಲ್ಲ. ‘ಕೆಲಸ ಚೆನ್ನಾಗಿರಬೇಕು’ ಎಂದು ಬರೆದರೆ ಅದು ನೂರು ಟನ್ ಎಣ್ಣೆಯ ಹಾಗೆ. ‘ಮುಳ್ಳು ಎರಡು ಗಂಟೆ ಇಳಿಯಬಾರದು’ ಎಂದು ಬರೆದರೆ ಜಗಳಕ್ಕೆ ಎಡೆಯಿಲ್ಲ. ಮುಳ್ಳು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಕೊನೆಗೆ ಎರಡು ಸಾಲು. ಒಡೆದ ಗೋಡೆ, ಟೈಲ್ಸಿನ ಖರ್ಚು ಮನೆಯವರದು. ಆದರೆ ಪರೀಕ್ಷೆಯ ನಂತರ ಜೋಡಣೆಯ ದೋಷದಿಂದ ಒಂದು ವರ್ಷದೊಳಗೆ ಸೋರಿದರೆ ಸರಿಪಡಿಸುವ ಕೂಲಿ ಮತ್ತು ಒಡೆಯುವ ಖರ್ಚು ಪ್ಲಂಬರರದು. ಮೊಳೆ ಹೊಡೆದು ಪೈಪು ತೂತಾದರೆ ಅವರದ್ದಲ್ಲ.

ಹಾಳೆಯನ್ನು ಪ್ಲಂಬರರ ಕೈಗೆ ಕೊಟ್ಟಾಗ ಕೃಷಿಕರು ನೆಲ ನೋಡುತ್ತಿದ್ದರು. ಮನುಷ್ಯ ಎದ್ದು ಹೋದರೆ ಎಂಬ ಭಯ. ಅವರು ನಿಧಾನವಾಗಿ ಓದಿದರು, ಎರಡು ಸಲ ಓದಿದರು. ಮತ್ತೆ ಪೆನ್ನು ಕೇಳಿದರು.

‘ಎರಡು ಸಾಲು ನಾನು ಸೇರಿಸಬಹುದಾ ಅಣ್ಣ?’

ಅವರು ಸೇರಿಸಿದ ಮೊದಲ ಸಾಲು: ಹಾಳೆಯಲ್ಲಿ ಇಲ್ಲದ ಕೆಲಸ ಹೇಳಿದರೆ ಅದಕ್ಕೆ ಬೇರೆ ದುಡ್ಡು, ಮಾಡುವ ಮೊದಲೇ ಮಾತಾಡುವುದು. ಎರಡನೆಯದು: ಸಾಮಾನು ಬಾರದೆ ಕೆಲಸ ನಿಂತರೆ ಕಾದು ಕುಳಿತ ದಿನಕ್ಕೆ ಅರ್ಧ ಕೂಲಿ.

‘ಎಲ್ಲ ಕಡೆಯೂ ಹೀಗೇ ಅಣ್ಣ’ ಎಂದರು ಅವರು, ಬರೆದು ಮುಗಿಸಿ. ‘ಬಂದದ್ದೇ ಬಂದಿದ್ದೀರಿ, ತೋಟದ ಆ ವಾಲ್ವು ಒಂದು ನೋಡಿ, ಹಟ್ಟಿಗೆ ಒಂದು ನಳ್ಳಿ ಎಳೆದುಬಿಡಿ. ಒಂದೊಂದೂ ಸಣ್ಣ ಕೆಲಸವೇ. ಎಲ್ಲ ಸೇರಿದರೆ ಎರಡು ದಿನ. ಕೇಳಿದರೆ ಲೋಭಿ ಅಂತಾರೆ, ಕೇಳದಿದ್ದರೆ ಮನೆ ನಡೆಯುವುದಿಲ್ಲ. ನನಗೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇಷ್ಟು ವರ್ಷದಲ್ಲಿ ನನಗೆ ಕಾಗದ ಕೊಟ್ಟದ್ದು ನೀವೇ ಮೊದಲು.’

ಕೃಷಿಕರು ತಲೆಯೆತ್ತಿದರು. ಕಾಗದ ಕೇಳಿದರೆ ಕೆಲಸದವನಿಗೆ ಅವಮಾನ ಎಂದು ಅವರು ಇಷ್ಟು ದಿನ ತಿಳಿದಿದ್ದರು. ಕಾಗದ ಇಲ್ಲದಿದ್ದಾಗ ದೊಡ್ಡ ದನಿಯವನ ಮಾತು ನಡೆಯುತ್ತದೆ. ಜಗಲಿಯಲ್ಲಿ ಆ ದನಿ ಸಾಮಾನ್ಯವಾಗಿ ಮನೆಯ ಯಜಮಾನನದು. ಹಾಗೆ ನೋಡಿದರೆ ಬರಹದ ಅಗತ್ಯ ಎದುರು ಕುಳಿತವನಿಗೇ ಹೆಚ್ಚು. ಇಬ್ಬರೂ ಸಹಿ ಹಾಕಿದರು. ಇನ್ನೊಂದು ಪ್ರತಿ ಬರೆದು ಅದಕ್ಕೂ ಸಹಿ ಹಾಕಿ ಅವರ ಕೈಗೆ ಕೊಟ್ಟರು.

ಮರುದಿನ ಗೋಡೆ ಒಡೆದರು. ಟೈಲ್ಸಿನ ಹಿಂದೆ, ಸಿಮೆಂಟಿನ ಹಿಂದೆ, ಮೂರು ವರ್ಷದ ಜಗಳದ ಮೂಲ ಕಾಣಿಸಿತು. ಸೋಲಾರಿನಿಂದ ಇಳಿಯುವ ಬಿಸಿನೀರಿನ ಪೈಪು ಬೆಂಡಿನ ಹತ್ತಿರ ಬಾಗಿ, ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಪ್ಲಂಬರ್ ಪೈಪನ್ನು ತಿರುಗಿಸಿ ಮೈಮೇಲಿನ ಅಚ್ಚು ತೋರಿಸಿದರು. ತಣ್ಣೀರಿನ ಪೈಪು. ಅದನ್ನು ಪೇಟೆಯಿಂದ ತಂದವರು ಕೃಷಿಕರೇ. ಹಳೆಯ ಪ್ಲಂಬರ್ ಫೋನಿನಲ್ಲಿ ‘ಮುಕ್ಕಾಲು ಇಂಚಿನ ಪೈಪು’ ಎಂದಿದ್ದರು. ಇವರು ಅಂಗಡಿಯಲ್ಲಿ ‘ಮುಕ್ಕಾಲು ಇಂಚಿನ ಪೈಪು’ ಎಂದೇ ಕೇಳಿದ್ದರು. ಯಾವ ಪೈಪು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅಲ್ಲಿ ಮೋಸ ಇರಲಿಲ್ಲ. ಒಂದು ಶಬ್ದ ಕಡಿಮೆಯಿತ್ತು, ಅಷ್ಟೇ.

ಹೊಸ ಪೈಪು ಕೂರಿಸಿ, ಒಂದು ದಿನ ಬಿಟ್ಟು, ಪರೀಕ್ಷೆ ನಡೆಯಿತು. ಮುಳ್ಳು ಆರರಲ್ಲಿ ನಿಂತಿತು. ಅರ್ಧ ಗಂಟೆಯಲ್ಲಿ ಐದೂವರೆಗೆ ಇಳಿಯಿತು. ವಾಶ್ ಬೇಸಿನ್ನಿನ ಹಿಂದಿನ ಬೆಂಡಿನಲ್ಲಿ ಒಂದು ಮುತ್ತಿನಂಥ ಹನಿ. ‘ಇದು ನನ್ನದೇ ತಪ್ಪು, ಗಮ್ಮು ಸರಿ ಹಿಡಿಯಲಿಲ್ಲ’ ಎಂದು ಪ್ಲಂಬರ್ ಅದನ್ನು ಕತ್ತರಿಸಿ ಹೊಸದು ಹಾಕಿದರು. ಯಾರ ದನಿಯೂ ಏರಲಿಲ್ಲ. ತಪ್ಪೇ ಆಗದಂತೆ ಯಾವ ಒಪ್ಪಂದವೂ ತಡೆಯದು; ಗೋಡೆ ಮುಚ್ಚುವ ಮೊದಲೇ ತಪ್ಪು ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಮಗಳು ಪುಸ್ತಕದ ಹಿಂದೆ ಲೆಕ್ಕ ಹಾಕಿದಳು. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೆ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ವರ್ಷಕ್ಕೆ ಸಾವಿರದೈನೂರು ಲೀಟರ್ ದಾಟುತ್ತದೆ. ಅಷ್ಟೂ ನೀರನ್ನು ಮುರಕಲ್ಲಿನ ಗೋಡೆ ಕುಡಿಯಬೇಕು. ಎರಡನೆಯ ಪರೀಕ್ಷೆಯಲ್ಲಿ ಮುಳ್ಳು ಕದಲಲಿಲ್ಲ.

ಆ ರಾತ್ರಿ ಕೃಷಿಕರು ಹಾಳೆಯನ್ನು ಇನ್ನೊಮ್ಮೆ ತೆಗೆದು, ಹಳೆಯ ಕೆಲಸಕ್ಕೆ ಒಂದೊಂದೇ ಸಾಲನ್ನು ಹೊಂದಿಸಿ ನೋಡಿದರು. ಸಾಮಾನಿನ ಗುಣ? ಮಾತಾಡಿರಲಿಲ್ಲ. ಪರೀಕ್ಷೆ? ಇಲ್ಲ. ಒಡೆಯುವ ಖರ್ಚು? ಇಲ್ಲ. ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಯಿದೆಯಿದೆ. 1986ರದ್ದು ಹೋಗಿ ಈಗ 2019ರದ್ದು ಜಾರಿಯಲ್ಲಿದೆ. ದೂರಿಗೆ ಎರಡು ವರ್ಷದ ಗಡುವು. ಅದು ಎಂದೋ ದಾಟಿತ್ತು. ಗಡುವಿನೊಳಗೆ ಹೋಗಿದ್ದರೂ ಏನೆಂದು ದೂರುವುದು? ಪೈಪಿನ ಬಿಲ್ಲು ಇವರ ಹೆಸರಿನಲ್ಲೇ ಇತ್ತು.

ಮರುದಿನ ಸಂಜೆ ಅವರು ಮೂರು ಸಾವಿರ ರೂಪಾಯಿ ಜೇಬಿನಲ್ಲಿಟ್ಟುಕೊಂಡು ಹಳೆಯ ಪ್ಲಂಬರರ ಮನೆಗೆ ಹೋದರು. ಒಡೆದು ತೆಗೆದ ಪೈಪಿನ ತುಂಡೂ ಕೈಯಲ್ಲಿತ್ತು. ಹೆಚ್ಚು ಮಾತಾಡಬೇಕಾಗಲಿಲ್ಲ. ಹಳೆಯ ಪ್ಲಂಬರ್ ತುಂಡನ್ನು ಬೆಳಕಿಗೆ ಹಿಡಿದು ಓದಿದರು. ‘ತಂದದ್ದು ನೀವು ಹೌದು. ಹಾಕುವಾಗ ಓದಬೇಕಾದವನು ನಾನು ಅಲ್ವಾ?’ ಎಂದರು. ಸಾವಿರದೈನೂರು ತೆಗೆದುಕೊಂಡು ಉಳಿದದ್ದನ್ನು ವಾಪಸು ಕೊಟ್ಟರು. ಚಹಾ ಬಂತು.

ತಂದೆ ತಾಯಂದಿರು ಮಕ್ಕಳ ಕೈಗೆ ಇಂಥ ಒಂದು ಹಾಳೆ ಕೊಟ್ಟು ಬರೆಸಬಹುದು. ಬಣ್ಣ ಬಳಿಯುವವರು ಬರಲಿ, ಬಾವಿಗೆ ರಿಂಗ್ ಇಳಿಸುವವರು ಬರಲಿ, ಏನು, ಎಷ್ಟು, ಯಾವುದರಿಂದ, ಯಾವಾಗ, ಸರಿಯಾಯಿತೆಂದು ತಿಳಿಯುವುದು ಹೇಗೆ ಎಂಬ ಐದು ಪ್ರಶ್ನೆ ಸಾಕು. ಪ್ರಯೋಗಶಾಲೆಯಲ್ಲಿ ಕಲಿತದ್ದು ಜಗಲಿಗೂ ಬಂದರೆ ಮಾತ್ರ ಅದು ಕಲಿತಂತೆ.

ಮಕ್ಕಳ ನಡುವಿನ ಮೌನ ಒಂದು ಲೋಟ ಚಹಾದಿಂದ ಮುರಿಯುವಂಥದ್ದಲ್ಲ. ಅದಕ್ಕೆ ಯಾವ ಹಾಳೆಯೂ ಇಲ್ಲ. ಜೂನಿನಲ್ಲಿ ಕಾಲೇಜು ಶುರುವಾಗಿ, ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಪುತ್ತೂರಿಗೆ ಹೋಗುವ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಕುಳಿತಿದ್ದ ಹುಡುಗ ನಿಂತಿದ್ದ ಹುಡುಗಿಯ ಕಡೆ ನೋಡದೆಯೇ ಕೈಚಾಚಿದ. ಅವಳು ತನ್ನ ಒದ್ದೆ ಬ್ಯಾಗನ್ನು ಅವನ ಮಡಿಲಿಗೆ ಕೊಟ್ಟಳು.